ಹಳೇ ಮಸಲ್ ಕಾರಿನಲ್ಲಿ ದೂರದ ಪ್ರಯಾಣ ಹೊರಡುವುದು ಹೇಗೆ?

1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ, ದೊಡ್ಡ ಕಾರುಗಳಲ್ಲಿ ಬಳಸುತ್ತಿದ್ದ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂರಿಸಿ ಜಿಟಿಒ ಎಂದು ಮಾರಾಟಕ್ಕಿಟ್ಟಿತು. ಹೀಗೆ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ್ದನ್ನೇ ಮಸಲ್ ಕಾರು ಅನ್ನುವುದು. ಅಮೆರಿಕದ ಹುಡುಗರು ಮುಗಿಬಿದ್ದು ಕೊಂಡರು. ಷೆವ್ರೊಲೆ ಷೆವೆಲ್ ಎಸ್‌ಎಸ್, ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್ ಒಂದರ ಹಿಂದೆ ಒಂದು ಬಂದವು. ವಿಮೆಯ ಕಂತು ಏರಿತು, ಹೊಗೆಯ ಕಾನೂನು ಬಿಗಿಯಾಯಿತು, 1973ರ ತೈಲ ಬಿಕ್ಕಟ್ಟೂ ಸೇರಿಕೊಂಡಿತು; ಹತ್ತು ವರ್ಷ ತುಂಬುವಷ್ಟರಲ್ಲಿ ಆ ಭರಾಟೆ ಇಳಿದುಹೋಯಿತು. ಕಾರುಗಳು ಮಾತ್ರ ಉಳಿದಿವೆ, ಅವುಗಳನ್ನು ಹತ್ತಿ ಊರೂರು ಸುತ್ತುವ ಹುಚ್ಚೂ ಉಳಿದಿದೆ.

ಈ ಕಾರುಗಳ ವಿಷಯ ಬಂದರೆ ಎಲ್ಲರ ಬಾಯಲ್ಲೂ ಹಾರ್ಸ್‌ಪವರ್. ದೂರದ ಪ್ರಯಾಣಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸಿಗ್ನಲ್ ಬಿಟ್ಟ ಕೂಡಲೇ ಕಾಲು ಮೈಲಿ ರೊಯ್ಯನೆ ನುಗ್ಗಲಿ ಎಂದು ಕಟ್ಟಿದ ಗಾಡಿಯಿದು. ಅದನ್ನು ನಾನೂರು ಮೈಲಿ ಓಡಿಸಲು ಹೊರಟವರು ಕೇಳಿಕೊಳ್ಳಬೇಕಾದದ್ದು ಎರಡೇ: ಎಂಜಿನ್ ಮಿತಿಮೀರಿ ಬಿಸಿಯಾಗದೆ ಉಳಿಯುತ್ತದೆಯೇ? ಬೇಕೆಂದ ಕಡೆ ಗಾಡಿ ನಿಲ್ಲುತ್ತದೆಯೇ?

ಉದಾಹರಣೆಗೆ ಒಂದು ರಸ್ತೆಯನ್ನೇ ಇಟ್ಟುಕೊಳ್ಳೋಣ. ಯು.ಎಸ್. 50 ಹೆದ್ದಾರಿ ಕ್ಯಾಲಿಫೋರ್ನಿಯಾದ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಶುರುವಾಗುತ್ತದೆ. ಅಲ್ಲೇ ‘ಓಷನ್ ಸಿಟಿ, ಮೇರಿಲ್ಯಾಂಡ್: 3073 ಮೈಲಿ’ ಎಂಬ ಫಲಕವಿದೆ. ಅಷ್ಟು ದೂರ ಬೇಡ. ಸಿಯೆರಾ ನೆವಾಡಾ ಬೆಟ್ಟ ಹತ್ತಿ, ಟಾಹೋ ಸರೋವರದ ಪಕ್ಕದಲ್ಲಿ ಹಾದು, ನೆವಾಡಾದ ಬಯಲಿನಲ್ಲಿ ಈಲಿ ಎಂಬ ಊರಿನವರೆಗೆ ಹೋಗೋಣ. ಸುಮಾರು 450 ಮೈಲಿ, ಎಂದರೆ 720 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮವರಿಗೆ ಒಂದು ಲಾಂಗ್ ವೀಕೆಂಡ್‌ನ ದಾರಿ. ಇದರ ನೆವಾಡಾ ಭಾಗವನ್ನೇ 1986ರಲ್ಲಿ ‘ಲೈಫ್’ ಪತ್ರಿಕೆ ಅಮೆರಿಕದ ಅತಿ ಒಂಟಿ ರಸ್ತೆ ಎಂದು ಕರೆದದ್ದು. ಹೇಳಿದ್ದು ಹೊಗಳಿಕೆಗಲ್ಲ. ನೆವಾಡಾದವರು ಅದನ್ನೇ ಜಾಹೀರಾತು ಮಾಡಿಕೊಂಡರು. ದಾರಿಯ ಊರುಗಳಲ್ಲಿ ಮುದ್ರೆ ಒತ್ತಿಸಿಕೊಳ್ಳಲು ಪ್ರವಾಸಿಗರಿಗೆ ಒಂದು ಪುಸ್ತಿಕೆಯನ್ನೂ ಕೊಡುತ್ತಾರೆ.

1. ಕಾರು ಯಾವುದು?

ಕೈಯಲ್ಲಿರುವುದೇ ಕಾರು ಅನ್ನುವವರು ಮುಂದಿನ ಹೆಜ್ಜೆಗೆ ಹೋಗಬಹುದು. ಆರಿಸಿಕೊಳ್ಳುವ ಅವಕಾಶವಿದ್ದರೆ ‘426 ಹೆಮಿ’ ಎಂಬ 426 ಘನ ಇಂಚಿನ ದೈತ್ಯ ಎಂಜಿನ್ನಿನ ಆಸೆ ಬಿಡಿ. ಅದನ್ನು ಪ್ರದರ್ಶನದಲ್ಲಿ ನೋಡಿ ಕಣ್ಣು ತಂಪು ಮಾಡಿಕೊಳ್ಳಿ. ದೂರದ ದಾರಿಗೆ ನನ್ನ ಮತ ಷೆವ್ರೊಲೆಯ 350 ಘನ ಇಂಚಿನ, ‘ಸ್ಮಾಲ್ ಬ್ಲಾಕ್’ ಎನ್ನುವ ಚಿಕ್ಕ ಮೈಯ ವಿ8 ಎಂಜಿನ್ ಇರುವ ಕಮಾರೊ ಅಥವಾ ನೋವಾಕ್ಕೆ. ಮುಂಭಾಗದ ಭಾರ ಕಡಿಮೆ, ಬಿಸಿ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಯಾವ ಸಣ್ಣ ಊರಿನ ಬಿಡಿಭಾಗದ ಅಂಗಡಿಯಲ್ಲಾದರೂ ಅದರ ವಾಟರ್ ಪಂಪೋ ಡಿಸ್ಟ್ರಿಬ್ಯೂಟರ್ ಕ್ಯಾಪೋ ಸಿಗುವ ಸಂಭವ ಹೆಚ್ಚು.

ಬಾಡಿಗೆಗೆ ತೆಗೆದುಕೊಳ್ಳುವವರು ಎರಡು ವಿಷಯ ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ದಿನಕ್ಕೆ ಎಷ್ಟು ಮೈಲಿ ಓಡಿಸಬಹುದು, ರಾಜ್ಯದ ಗಡಿ ದಾಟಬಹುದೇ. ಮಕ್ಕಳನ್ನು ಕರೆದೊಯ್ಯುವವರು ಹಿಂದಿನ ಸೀಟು ನೋಡಿಯೇ ತೀರ್ಮಾನಿಸಿ. ಅಲ್ಲಿ ಇರುವುದು ಹೆಚ್ಚೆಂದರೆ ಸೊಂಟಕ್ಕೆ ಕಟ್ಟುವ ಪಟ್ಟಿ. ಇವತ್ತಿನ ಚೈಲ್ಡ್ ಸೀಟು ಸಿಕ್ಕಿಸಲು ಕೊಂಡಿಗಳಿಲ್ಲ. ಪುಟ್ಟ ಮಕ್ಕಳಿದ್ದರೆ ಈ ಪ್ರಯಾಣಕ್ಕೆ ಬೇರೆ ಕಾರು ಒಳ್ಳೆಯದು, ಇದರಲ್ಲಿ ನನಗೆ ಎರಡು ಮಾತಿಲ್ಲ.

2. ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ?

ಹಿಂದಿನ ಆಕ್ಸಲ್‌ನ ಕ್ರೌನ್–ಪಿನಿಯನ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಲೆಕ್ಕ ಸುಲಭ: ಗಂಟೆಗೆ ಎಷ್ಟು ಮೈಲಿ ಎಂಬುದನ್ನು ಆ ಅನುಪಾತದಿಂದ ಗುಣಿಸಿ, ಮತ್ತೆ 336ರಿಂದ ಗುಣಿಸಿ, ಟೈರಿನ ವ್ಯಾಸದ ಇಂಚುಗಳಿಂದ ಭಾಗಿಸಿ. ಟಾಪ್ ಗೇರಿನಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಬರುತ್ತದೆ.

3.91 ಅನುಪಾತ, 27 ಇಂಚಿನ ಟೈರು, 65 ಮೈಲಿ ವೇಗ ಇದ್ದರೆ ಉತ್ತರ ಸುಮಾರು 3160. ರೇಸಿಗೆ ಹೇಳಿ ಮಾಡಿಸಿದ್ದು. ದಿನವಿಡೀ ಓಡಿಸಿದರೆ ಕಿವಿಗೂ ಸುಖವಿಲ್ಲ, ಪೆಟ್ರೋಲಿಗೂ ಉಳಿಗಾಲವಿಲ್ಲ. ಅದೇ ಕಾರಿಗೆ 2.76 ಅನುಪಾತವಿದ್ದರೆ 2230 ಸುತ್ತು ಸಾಕು. ಅಸಲಿ ಆಕ್ಸಲ್ ಮುಟ್ಟಲು ಮನಸ್ಸಿಲ್ಲದವರು ಓವರ್‌ಡ್ರೈವ್, ಅಂದರೆ ಅದೇ ವೇಗಕ್ಕೆ ಎಂಜಿನ್ ಸುತ್ತು ತಗ್ಗಿಸುವ ಇನ್ನೊಂದು ಗೇರ್ ಇರುವ ಗೇರ್‌ಬಾಕ್ಸ್ ಹಾಕಿಸುತ್ತಾರೆ. ಜನರಲ್ ಮೋಟಾರ್ಸ್‌ನ 700ಆರ್4 ಆಟೊಮ್ಯಾಟಿಕ್‌ನಲ್ಲಿ ನಾಲ್ಕನೇ ಗೇರ್ 0.70. ಹಾಗಾಗಿ 3.91 ಇದ್ದರೂ ಸುತ್ತು 2210ಕ್ಕೆ ಇಳಿಯುತ್ತದೆ. ಅಸಲಿತನದ ಮಡಿವಂತರು ಮೂಗು ಮುರಿಯಬಹುದು. ಎಂಟು ಗಂಟೆ ಸ್ಟೀರಿಂಗ್ ಹಿಡಿಯುವವರು ಅವರಲ್ಲವಲ್ಲ!

3. ತಿಂಗಳ ಮುಂಚೆ

ಬ್ರೇಕಿನಿಂದ ಶುರು ಮಾಡಿ. ಈ ಕಾರುಗಳಲ್ಲಿ ಬಹುಪಾಲಿನವಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. 1966 ಮತ್ತು ಅದಕ್ಕೂ ಹಿಂದಿನ ಎಷ್ಟೋ ಮಾದರಿಗಳಲ್ಲಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೊಠಡಿ. ಎಲ್ಲಾದರೂ ಒಂದು ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಅಂಥ ಕಾರಿದ್ದರೆ ಎರಡು ಕೊಠಡಿಯ ಸಿಲಿಂಡರ್ ಹಾಕಿಸದೆ ಬೆಟ್ಟದ ಕಡೆ ಮುಖ ಮಾಡಬೇಡಿ. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿದರೆ ಇನ್ನೂ ನೆಮ್ಮದಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಬಿಸಿಯಾದಾಗ ಆ ತೇವ ಕುದ್ದು ಪೆಡಲ್ ಮೆತ್ತಗಾಗುತ್ತದೆ. ಹಾಗಾಗಿ ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ತುಂಬಿಸಿ.

ಟೈರ್ ನೋಡುವಾಗ ಮೇಲ್ಮೈಯ ಗೀರುಗಳ ಆಳ ನೋಡಿ ಮೋಸಹೋಗಬೇಡಿ. ಶೆಡ್ಡಿನಲ್ಲೇ ನಿಂತ ಕಾರಿನ ಟೈರ್ ಸವೆಯುವುದಿಲ್ಲ, ಒಣಗಿ ಒಡೆಯುತ್ತದೆ. ಪಕ್ಕದಲ್ಲಿ ‘ಡಿಒಟಿ’ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಬದಲಾಯಿಸಿ. ಸ್ಟೆಪ್ನಿಯದನ್ನೂ ನೋಡಿ.

ಪೆಟ್ರೋಲಿನ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕು. ಅಮೆರಿಕದ ಬಂಕುಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಅರುವತ್ತರ ದಶಕದ ರಬ್ಬರ್ ಪೈಪುಗಳನ್ನು ಅದು ಮೆತ್ತಗೆ ಮಾಡಿ ತಿನ್ನುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವಂಥವುಗಳಿಗೆ ಬದಲಿಸಿ. ಇನ್ನು ಆಕ್ಟೇನ್, ಅಂದರೆ ಪೆಟ್ರೋಲ್ ಎಂಜಿನ್ನಿನೊಳಗೆ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳದಿರುವ ಗುಣದ ಅಳತೆ. ನಮ್ಮ ಬಂಕುಗಳಲ್ಲಿ ಹೇಳುವ ಸಂಖ್ಯೆ ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಅಳತೆಯದು. ಅಲ್ಲಿ ಪಂಪಿನ ಮೇಲೆ ಬರೆದಿರುವುದು ಎರಡು ಅಳತೆಗಳ ಸರಾಸರಿ. ಅಲ್ಲಿಯ 91 ಅಂದರೆ ಇಲ್ಲಿಯ ಲೆಕ್ಕದಲ್ಲಿ ಸುಮಾರು 95–96. ಆದರೂ ಸಿಲಿಂಡರಿನೊಳಗೆ ಗಾಳಿ–ಪೆಟ್ರೋಲನ್ನು 10.5ಕ್ಕೆ 1ರಷ್ಟು ಒತ್ತುವ (ಕಂಪ್ರೆಷನ್) ದೊಡ್ಡ ಎಂಜಿನ್ನಿಗೆ ಅದು ಸಾಲದೆ ಹೋಗಬಹುದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟಣಟಣ ಸದ್ದು ಬಂದರೆ ಇಗ್ನಿಷನ್ ಟೈಮಿಂಗ್ (ಪ್ಲಗ್ಗು ಕಿಡಿ ಹಾರಿಸುವ ಹೊತ್ತು) ಎರಡರಿಂದ ನಾಲ್ಕು ಡಿಗ್ರಿ ಹಿಂದಕ್ಕೆ ಹಾಕಿಸಿ. ಸ್ವಲ್ಪ ಶಕ್ತಿ ಹೋದರೆ ಹೋಗಲಿ, ಪಿಸ್ಟನ್ ಉಳಿಯುತ್ತದೆ.

ಕೂಲಿಂಗ್ ಹೇಗಿದೆ ಎಂದು ತಿಳಿಯುವ ದಾರಿ ಇದು: ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿಯಾಗಿ, ಓಡುವಾಗ ಇಳಿದರೆ ತಪ್ಪು ಫ್ಯಾನ್ ಕಡೆಯದು. ನಿಂತಾಗ ಸರಿಯಿದ್ದು, ಹೆದ್ದಾರಿಯಲ್ಲಿ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಕೆಳಗಿನ ಹೋಸ್ ಪೈಪು ಒಳಕ್ಕೆ ಚಪ್ಪಟೆಯಾಗಿ ನೀರು ತಡೆಯುತ್ತಿರಬಹುದು. ಫ್ಯಾನಿನ ಸುತ್ತ ಇರಬೇಕಾದ, ಗಾಳಿ ರೇಡಿಯೇಟರ್ ಮೂಲಕವೇ ಬರುವಂತೆ ಮಾಡುವ ಶ್ರೌಡ್ ಎಂಬ ಕವಚವನ್ನು ಹಿಂದಿನ ಮಾಲೀಕ ಯಾವಾಗಲೋ ಕಿತ್ತು ಬಿಸಾಡಿರುವುದೂ ಉಂಟು.

ಇಷ್ಟಾದ ಮೇಲೆ ಮನೆಯ ಸುತ್ತ ನೂರು ಮೈಲಿ ಓಡಿಸಿ. ಬಂದು ನಟ್ಟು–ಬೋಲ್ಟು ಬಿಗಿ ಮಾಡಿ, ಎಲ್ಲಿ ಒಸರಿದೆ ನೋಡಿ, ಆಯಿಲ್ ಎಷ್ಟು ಕುಡಿದಿದೆ ಎಂದು ಅಳೆಯಿರಿ. ಆಮೇಲೆ ಮತ್ತೊಂದು ದಿನ ಇನ್ನೂ ದೂರ. ಇದನ್ನು ಬಿಟ್ಟು ನೇರ ಹೊರಟವರು ರಸ್ತೆಬದಿಯಲ್ಲಿ ಬಾನೆಟ್ ಎತ್ತಿ ನಿಂತಿರುವುದನ್ನು ನೋಡಬಹುದು.

4. ಡಿಕ್ಕಿಯಲ್ಲಿ ಏನಿರಬೇಕು?

ಫ್ಯಾನ್ ಬೆಲ್ಟ್, ರೇಡಿಯೇಟರಿನ ಎರಡೂ ಹೋಸ್ ಪೈಪು, ಕ್ಲಾಂಪುಗಳು, ಪೆಟ್ರೋಲ್ ಫಿಲ್ಟರ್, ಫ್ಯೂಯೆಲ್ ಪಂಪ್, ಪ್ಲಗ್ಗುಗಳು, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಸಿಬಿ ಪಾಯಿಂಟ್, ಕಂಡೆನ್ಸರ್. ಅಂಬಾಸಿಡರ್ ಓಡಿಸಿದ ತಲೆಮಾರಿಗೆ ಈ ಪಟ್ಟಿ ಹೊಸದೇನಲ್ಲ. ನೀರು ಎರಡು ಕ್ಯಾನ್: ಒಂದು ರೇಡಿಯೇಟರಿಗೆ, ಒಂದು ನಿಮಗೆ. ಸ್ಪ್ಯಾನರ್ ಮಾತ್ರ ಇಂಚಿನವು. ನಮ್ಮ 10, 12 ಮಿ.ಮೀ. ಸ್ಪ್ಯಾನರ್ ಇಲ್ಲಿ ಬೋಲ್ಟಿನ ಮೂಲೆ ಸವೆಸುತ್ತವೆ ಅಷ್ಟೇ. 7/16, 1/2, 9/16, 5/8 ಇಂಚಿನವು ಬೇಕು.

ಡಾಡ್ಜ್, ಪ್ಲಿಮತ್ ಇದ್ದವರು ಇನ್ನೊಂದು ವಸ್ತು ಮರೆಯಬಾರದು. ಎಂಜಿನ್ ಹಿಂದಿನ ತಗಡು ಗೋಡೆಯ ಮೇಲೆ ಬೆರಳುದ್ದದ ಬಿಳಿ ಪಿಂಗಾಣಿಯ ತುಂಡೊಂದು ಒಂದೇ ಸ್ಕ್ರೂನಲ್ಲಿ ಕೂತಿರುತ್ತದೆ. ಅದು ಬ್ಯಾಲಸ್ಟ್ ರೆಸಿಸ್ಟರ್, ಇಗ್ನಿಷನ್ ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವಂಥದ್ದು. ಕೀಲಿ ತಿರುಗಿಸಿ ಹಿಡಿದಾಗ ಎಂಜಿನ್ ಹತ್ತಿಕೊಂಡು, ಬಿಟ್ಟ ಕೂಡಲೇ ಆರಿಹೋದರೆ ಮೊದಲ ಅನುಮಾನ ಅದರ ಮೇಲೆಯೇ. ಸ್ಟಾರ್ಟರ್ ತಿರುಗುವಾಗ ಕರೆಂಟು ಅದನ್ನು ತಪ್ಪಿಸಿ ಹೋಗುತ್ತದೆ, ಕೀಲಿ ಬಿಟ್ಟರೆ ಅದರ ಮೂಲಕವೇ ಹೋಗಬೇಕು. ಗ್ಲೌ ಬಾಕ್ಸಿನಲ್ಲಿ ಹೊಸದಿದ್ದರೆ ಐದು ನಿಮಿಷದ ಕೆಲಸ. ಅದೇ ಗೋಡೆಯಲ್ಲಿ ವೈರುಗಳು ಕಾರಿನೊಳಕ್ಕೆ ನುಗ್ಗುವ ದೊಡ್ಡ ಕನೆಕ್ಟರನ್ನೂ ಬಿಚ್ಚಿ ನೋಡಿ. ಚಾರ್ಜಿಂಗ್ ಕರೆಂಟೆಲ್ಲ ಅದನ್ನು ದಾಟಿ ಡ್ಯಾಶ್‌ಬೋರ್ಡಿನ ಆಂಪ್ ಮೀಟರಿಗೆ ಹೋಗುತ್ತದೆ; ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗಿದ್ದರೆ ಹೊರಡುವ ದಿನ ಮುಂದಕ್ಕೆ ಹಾಕಿ.

ವಿಮೆ ಒಪ್ಪಿತ ಮೌಲ್ಯದ್ದಾಗಿರಲಿ (ಕಾರಿನ ಬೆಲೆಯನ್ನು ಕಂಪನಿಯೊಂದಿಗೆ ಮೊದಲೇ ಗೊತ್ತುಮಾಡಿಕೊಂಡದ್ದು), ಕನಿಷ್ಠ ನೂರು ಮೈಲಿ ಟೋ ಮಾಡುವ ಸೌಲಭ್ಯವಿರಲಿ. ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿಯೇ ಬರಬೇಕೆಂದು ಫೋನಿನಲ್ಲೇ ಹೇಳಿ.

5. ದಾರಿಯಲ್ಲಿ

ಬೆಳಗಿನ ಜಾವವೇ ಹೊರಡಿ. ಸಮುದ್ರಮಟ್ಟಕ್ಕೆ ಹತ್ತಿರದ ಸ್ಯಾಕ್ರಮೆಂಟೊದಿಂದ 7,382 ಅಡಿಯ ಎಕೋ ಸಮ್ಮಿಟ್‌ವರೆಗೆ ಏರು. ಮೇಲೆ ಗಾಳಿ ತೆಳು, ಕಾರ್ಬುರೇಟರಿಗೆ ಅದು ತಿಳಿಯದು. ಮೊದಲಿನಷ್ಟೇ ಪೆಟ್ರೋಲ್ ಸುರಿಯುತ್ತದೆ. ಎಂಜಿನ್ ತಿಣುಕುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಹಾಗೆಂದು ದಾರಿಯಲ್ಲಿ ಕಾರ್ಬುರೇಟರಿನ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ತೂತಿನ ತುಂಡು) ಬದಲಿಸಲು ಕೂರಬೇಡಿ. ಪೆಟ್ರೋಲ್ ಹೆಚ್ಚಾದರೆ ಮಸಿ ಅಷ್ಟೇ. ಬೆಟ್ಟಕ್ಕೆ ಹೊಂದಿಸಿದ ಜೆಟ್ಟಿನಲ್ಲಿ ಮತ್ತೆ ತಗ್ಗಿಗಿಳಿದು ಜೋರಾಗಿ ಓಡಿಸಿದರೆ ಪೆಟ್ರೋಲ್ ಸಾಲದೆ ಎಂಜಿನ್ನೇ ಸುಡಬಹುದು. ಏರಿನಲ್ಲಿ ಉಷ್ಣತೆಯ ಮುಳ್ಳು ಮೇಲೇರತೊಡಗಿದರೆ ಹೀಟರನ್ನು ಪೂರ್ತಿ ಹಾಕಿ ಕಿಟಕಿ ಇಳಿಸಿ. ಬೇಸಿಗೆಯಲ್ಲಿ ಇದು ಶಿಕ್ಷೆಯೇ, ಆದರೆ ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್.

ಟಾಹೋ ದಾಟಿ ಸ್ಪೂನರ್ ಸಮ್ಮಿಟ್‌ನಿಂದ ಕಾರ್ಸನ್ ಸಿಟಿಗೆ ಇಳಿಯುವಾಗ ಸುಮಾರು 2,300 ಅಡಿ ಕೆಳಗೆ ಬರುತ್ತೀರಿ. ನಮ್ಮ ಘಟ್ಟದ ಲಾರಿ ಚಾಲಕರು ಹತ್ತಿದ ಗೇರಿನಲ್ಲೇ ಇಳಿಯುವ ಹಾಗೆ ಇಲ್ಲೂ ಇಳಿಯಬೇಕು. ಆಟೊಮ್ಯಾಟಿಕ್ ಇದ್ದರೆ ಇಳಿಜಾರು ಶುರುವಾಗುವ ಮೊದಲೇ ಲಿವರನ್ನು 2ಕ್ಕೆ ತನ್ನಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ; ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಡ್ರಮ್ ತಣಿಯಲಿ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಕಾಯಿರಿ. ಡ್ರಮ್ಮಿಗೆ ನೀರು ಎರಚುವುದು ಬೇಡ, ಬಿರುಕು ಬಿಡುತ್ತದೆ.

ಫ್ಯಾಲನ್‌ನಲ್ಲಿ ಟ್ಯಾಂಕ್ ತುಂಬಿಸಿ. ಮುಂದಿನ ಊರು ಆಸ್ಟಿನ್ 110 ಮೈಲಿ, ಅಲ್ಲಿಂದ ಯುರೇಕಾ 70, ಆಮೇಲೆ ಈಲಿ 77. ಗ್ಯಾಲನ್ನಿಗೆ 12 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 5 ಕಿ.ಮೀ., ಕೊಡುವ ಕಾರಿಗೆ ಇಡೀ ಪ್ರಯಾಣಕ್ಕೆ 140 ಲೀಟರಿನಷ್ಟು ಬೇಕು. ಐವತ್ತು ವರ್ಷ ಹಳೆಯ ಪೆಟ್ರೋಲ್ ಮುಳ್ಳನ್ನು ನಂಬುವುದಕ್ಕಿಂತ ಮೈಲಿ ಎಣಿಸುವುದು ಲೇಸು. ಪ್ರತಿ ಊರಿನಲ್ಲೂ ತುಂಬಿಸುವುದು ಇನ್ನೂ ಲೇಸು.

ಬಂಕಿನಲ್ಲೇ ಒಂದು ತಮಾಷೆ ಕಾದಿರುತ್ತದೆ. ಕಾದ ಎಂಜಿನ್ ಆರಿಸಿದ ಮೇಲೆ ನೀರಿನ ಓಡಾಟ ನಿಲ್ಲುತ್ತದೆ, ಬಿಸಿ ಮೇಲಕ್ಕೇರಿ ಕಾರ್ಬುರೇಟರಿನ ಪೆಟ್ರೋಲ್ ಕುದಿಯುತ್ತದೆ. ಎಥನಾಲ್ ಬೆರೆತದ್ದು ಇನ್ನೂ ಬೇಗ, ಎತ್ತರದ ಜಾಗದಲ್ಲಿ ಮತ್ತಷ್ಟು ಬೇಗ. ಹತ್ತು ನಿಮಿಷ ಬಿಟ್ಟು ಬಂದು ಕೀಲಿ ತಿರುಗಿಸಿದರೆ ಬರೀ ಗರಗರ. ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯಬೇಡಿ, ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಒಮ್ಮೆಲೇ ನೆಲಕ್ಕೆ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. ಗಾಳಿ ಒಳಹೋಗಿ, ಹೆಚ್ಚಿನ ಆವಿ ಕಳೆದು, ಕೆಮ್ಮಿ ಕೆಮ್ಮಿ ಹತ್ತಿಕೊಳ್ಳುತ್ತದೆ. ಆಗಲೂ ಹತ್ತದಿದ್ದರೆ ಬಾನೆಟ್ ಎತ್ತಿ ಅರ್ಧ ಗಂಟೆ ಬಿಡಿ. ಇಂಥ ಕಾರು ನೋಡಿದರೆ ಮಾತಿಗೆ ಯಾರಾದರೂ ಬಂದೇ ಬರುತ್ತಾರೆ, ಹೊತ್ತು ಹೋಗುತ್ತದೆ.

ಈ ರಸ್ತೆಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಬೇಲಿಯಿಲ್ಲದ ಹುಲ್ಲುಗಾವಲುಗಳಲ್ಲಿ ದನಗಳು ರಸ್ತೆಗೆ ಬರುತ್ತವೆ. ಅಂಥ ಕಡೆ ಅವುಗಳನ್ನು ತಡೆದಿಡುವ ಹೊಣೆಯನ್ನು ನೆವಾಡಾದ ಕಾನೂನು ಮಾಲೀಕನ ಮೇಲೆ ಹೊರಿಸಿಲ್ಲ. ಹಳೆಯ ಹೆಡ್‌ಲೈಟಿನ ಬೆಳಕಿನಲ್ಲಿ ಕಪ್ಪು ಹಸು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಸಂಜೆಗೆ ಮುಂಚೆ ಊರು ಸೇರಿ. ಎರಡು ದಿನ ಮಾಡಿಕೊಂಡು ಆಸ್ಟಿನ್‌ನಲ್ಲೋ ಯುರೇಕಾದಲ್ಲೋ ತಂಗಿದರೆ ಕಾರಿಗೂ ನಿಮಗೂ ಸುಖ.

6. ಈಲಿಯಿಂದ ಮುಂದೆ

ಈಲಿ ಮುಟ್ಟಿದವರಿಗೆ ಅರುವತ್ತು ಚಿಲ್ಲರೆ ಮೈಲಿಯಾಚೆಯ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಆಸೆ ಹುಟ್ಟುತ್ತದೆ. ಹೋಗಿ. ಆದರೆ ಅಲ್ಲಿನ ವ್ಹೀಲರ್ ಪೀಕ್ ರಸ್ತೆ 12 ಮೈಲಿಯಲ್ಲಿ ಸುಮಾರು 10,000 ಅಡಿಗೆ ಏರುತ್ತದೆ, ಹಿಂತಿರುಗಲು ಅದೇ ಕಡಿದಾದ ದಾರಿ. ಹಿಂದಿನ ದಿನ ಸ್ಪೂನರ್ ಇಳಿಜಾರಿನಲ್ಲಿ ಪೆಡಲ್ ಒಮ್ಮೆಯಾದರೂ ಮೆತ್ತಗಾಗಿದ್ದರೆ ಈ ರಸ್ತೆಗೆ ಕಾರು ತಿರುಗಿಸಬೇಡಿ. ಕೆಳಗೇ ನಿಲ್ಲಿಸಿ ಲೀಮನ್ ಗುಹೆಗಳನ್ನು ನೋಡಿಕೊಂಡು ಬನ್ನಿ; ಟಿಕೆಟ್ ಮುಂಚಿತವಾಗಿ ಕಾದಿರಿಸುವುದು ಒಳ್ಳೆಯದು. ಒಳಗೆ ತಂಪಿರುತ್ತದೆ, ಒಂದು ಸ್ವೆಟರ್ ಇರಲಿ.