ಶೋರೂಮಿಗೆ ಹೋಗೋ ಮುಂಚೆ ಮನೆ ಮೀಟರ್ ಬೋರ್ಡ್ ನೋಡಿ: ಮಲೆನಾಡಲ್ಲಿ ಇವಿ ತಗೊಳೋರಿಗೆ

ನಾನಿರದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೇಲಿ, ಮೇನ್ ರೋಡಿಂದ ಎರಡು ಕಿಲೋಮೀಟರ್ ಒಳಗೆ. ಎಲೆಕ್ಟ್ರಿಕ್ ಸ್ಕೂಟರ್ ತಗೊಂಡು ಎರಡು ವರ್ಷ ಆಯ್ತು, ಶಿವಮೊಗ್ಗದಲ್ಲಿರೋ ಭಾವ ಕಾರೇ ತಗೊಂಡಿದಾನೆ. ಹಂಗಾಗಿ ಊರಲ್ಲಿ ಯಾರಿಗೆ ಇವಿ (ಎಲೆಕ್ಟ್ರಿಕ್ ಗಾಡಿ) ಆಸೆ ಬಂದ್ರೂ ಮೊದ್ಲು ನಮ್ಮನೆ ಜಗಲಿಗೆ ಬರ್ತಾರೆ, ಬಂದೋರು ಕೇಳದು ಒಂದೇ ಪ್ರಶ್ನೆ, "ಫುಲ್ ಚಾರ್ಜಿಗೆ ಎಷ್ಟು ದೂರ ಹೋಗತ್ತೆ ಮಾರಾಯ?" ನಾನು ವಾಪಸ್ ಕೇಳದು, "ನಿಮ್ಮನೇಲಿ ಅರ್ಥಿಂಗ್ ಸರಿ ಇದ್ಯ?" ಅಂತ. ಎಲ್ರೂ ಮುಖ ಮುಖ ನೋಡ್ತಾರೆ.

ತಮಾಷೆ ಅಲ್ಲ. ನನ್ನ ಸ್ಕೂಟರ್ ಮನೆಗೆ ಬಂದ ಮೊದಲನೇ ರಾತ್ರಿ ಚಾರ್ಜರ್ ಕೆಂಪು ಲೈಟ್ ಹಾಕ್ಕೊಂಡು ಕೂತಿತ್ತು. ಶೋರೂಮಲ್ಲಿ "15 ಆಂಪ್ಸ್ ಸಾಕೆಟ್ ಇದ್ರೆ ಸಾಕು ಸರ್" ಅಂದಿದ್ರು, ಸಾಕೆಟ್ ಇತ್ತು, ಆದ್ರೆ ಅದರ ಮೂರನೇ ತೂತಿಗೆ ಬಂದಿರೋ ವೈರ್ ಮನೆ ಹಿಂದೆ ಎಲ್ಲೋ ತುಕ್ಕು ಹಿಡಿದು ತುಂಡಾಗಿತ್ತು, ಅಜ್ಜನ ಕಾಲದಲ್ಲಿ ಹುಗಿದ ಪೈಪ್ ಅದು. ನಮ್ಮ ಕಡೆ ಇನ್ನೊಂದು ಕಥೆ ಇದೆ, ಮಳೆಗಾಲದಲ್ಲಿ ನೆಲ ಒದ್ದೆ ಇರತ್ತಲ್ಲ, ಹಳೇ ಅರ್ಥಿಂಗೂ ಕೆಲಸ ಮಾಡಿಬಿಡತ್ತೆ, ಮಾರ್ಚ್ ಏಪ್ರಿಲಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾದಾಗ ಬಣ್ಣ ಬಯಲಾಗತ್ತೆ. ಅದಕ್ಕೆ ಚೆಕ್ ಮಾಡಿಸದಾದ್ರೆ ಬೇಸಿಗೇಲಿ ಮಾಡಿಸಿ. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ನೋಡಿಸಿ, ಎರಡು ಮೂರು ವೋಲ್ಟಿಗಿಂತ ಜಾಸ್ತಿ ತೋರ್ಸಿದ್ರೆ ಎಲ್ಲೋ ತೊಂದರೆ ಇದೆ ಅಂತ. ಹೊಸ ಅರ್ಥಿಂಗ್ ಗುಂಡಿ ತೆಗೆಸದೇನೂ ಭಾರೀ ಖರ್ಚಲ್ಲ, ಬೇಸಿಗೇಲಿ ಆ ಗುಂಡಿಗೆ ಆಗಾಗ ನೀರು ಹಾಕದು ಮರೀಬೇಡಿ.

ಹಂಗೇ ಇನ್ನೊಂದು ನೋಡಿ, ವೋಲ್ಟೇಜು. ಸಂಜೆ 7ರಿಂದ 10ರ ತನಕ ಮೂರ್ನಾಲ್ಕು ದಿನ ಬರ್ಕೊಳಿ. ನಮ್ಮಲ್ಲಿ ಒಮ್ಮೊಮ್ಮೆ 170ಕ್ಕೆ ಇಳಿಯತ್ತೆ, ಆಗ ಚಾರ್ಜರ್ ತಾನಾಗೇ ನಿಲ್ಲತ್ತೆ. ನಾನು ರಾತ್ರಿ ಹನ್ನೊಂದರ ಮೇಲೆ ಅಥವಾ ಬೆಳಗ್ಗೆ ಕಾಫಿ ಟೈಮಿಂದ ಹಾಕದು. ಮನೆ ಇನ್ವರ್ಟರಲ್ಲಿ ಚಾರ್ಜ್ ಮಾಡ್ತೀನಿ ಅನ್ನೋ ಐಡಿಯಾ ಇದ್ರೆ ಈಗ್ಲೇ ಬಿಡಿ, ಒಂದು ಇನ್ವರ್ಟರ್ ಬ್ಯಾಟರೀಲಿ ಬಳಸಕ್ಕೆ ಸಿಗದೇ ಒಂದೂಕಾಲು ಯೂನಿಟ್ ಆಸುಪಾಸು ಕರೆಂಟು, ಸ್ಕೂಟರ್ ಬ್ಯಾಟರಿ ಮೂರು ಯೂನಿಟ್ಟಿಂದು. ಗುಡುಗು ಸಿಡಿಲು ಶುರುವಾದ್ರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಲೋಡ್ ಜಾಸ್ತಿ ಆದ್ರೆ ತಾನಾಗೇ ಬೀಳೋ ಎಂಸಿಬಿ ಸ್ವಿಚ್ಚೂ ಸಿಡಿಲನ್ನ ತಡಿಯಲ್ಲ.

ಸ್ಕೂಟರ್ ಚಾರ್ಜರ್ ಒಂದು ಸಾವಿರ ವಾಟ್ ಒಳಗೇ ಇರತ್ತೆ, ಮಿಕ್ಸಿ ಗ್ರೈಂಡರ್ ಲೆಕ್ಕ. ಕಾರು ಬೇರೆ. ಮನೇಲಿ ಹಾಕೋ 3.3 ಕಿಲೋವಾಟ್ ಚಾರ್ಜರ್ 14 ಆಂಪ್ಸ್ ಹತ್ರ ಎಳೆಯತ್ತೆ, ಅದೂ ಗೀಸರ್ ತರ ಹತ್ತು ನಿಮಿಷ ಅಲ್ಲ, ಏಳೆಂಟು ಗಂಟೆ ಒಂದೇ ಸಮ. ಸಡಿಲ ಸಾಕೆಟ್ ಆದ್ರೆ ಕರಗಿಹೋಗತ್ತೆ. ಮೀಟರ್ ಬೋರ್ಡಿಂದ ಸೀದಾ ಬೇರೆ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪ್ಸ್ ಎಂಸಿಬಿ, ಕರೆಂಟ್ ಸೋರಿದ್ರೆ ಲೈನ್ ಕಡಿಯೋ 30 ಮಿಲಿಆಂಪ್ಸಿನ ಆರ್‌ಸಿಸಿಬಿ, ಗಟ್ಟಿ ಇಂಡಸ್ಟ್ರಿಯಲ್ ಸಾಕೆಟ್. ಎಕ್ಸ್‌ಟೆನ್ಷನ್ ಬಾಕ್ಸ್ ಹತ್ರಕ್ಕೂ ಸೇರಿಸಬೇಡಿ. ಹಳೇ ಮನೆಗಳ ಮಂಜೂರಾದ ಲೋಡ್ ಒಂದೋ ಎರಡೋ ಕಿಲೋವಾಟ್ ಇರತ್ತೆ, ಬಿಲ್ಲಲ್ಲೇ ಬರ್ದಿರತ್ತೆ ನೋಡಿ, ಕಾರು ತಗೊಳದಾದ್ರೆ ಮೆಸ್ಕಾಂ ಆಫೀಸಲ್ಲಿ ಅರ್ಜಿ ಕೊಟ್ಟು ಜಾಸ್ತಿ ಮಾಡಿಸ್ಕೊಳಿ, ತಿಂಗಳ ನಿಗದಿ ಶುಲ್ಕ ಸ್ವಲ್ಪ ಏರತ್ತೆ.

ಈಗ ದುಡ್ಡಿನ ವಿಷಯ. ಇಲ್ಲಿ ಶೋರೂಮೋರು ಯಾರೂ ಹೇಳದೇ ಇರೋದು ಗೃಹಜ್ಯೋತಿ ಲೆಕ್ಕ. 2022-23ರ ನಿಮ್ಮ ಸರಾಸರಿ ಬಳಕೆ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಅಷ್ಟು ಯೂನಿಟ್ ಫ್ರೀ ಅಲ್ವ, ಅದರ ಮೇಲೆ ಹೋದ್ರೆ ಹೆಚ್ಚಾಗಿದ್ದಕ್ಕೆ ಮಾತ್ರ ದುಡ್ಡು, ಆದ್ರೆ 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ದಿನಾ 25 ಕಿಲೋಮೀಟರ್ ಓಡಿಸೋ ಸ್ಕೂಟರ್ ತಿಂಗಳಿಗೆ 25ರಿಂದ 30 ಯೂನಿಟ್ ತಿನ್ನತ್ತೆ. ಮನೇಲಿ ಈಗ 90 ಯೂನಿಟ್ ಬರ್ತಿದ್ರೆ ಚಿಂತೆ ಇಲ್ಲ, ಇನ್ನೂರು ರೂಪಾಯಿ ಒಳಗೆ ಮುಗಿಯತ್ತೆ. ಈಗಾಗ್ಲೇ 180 ಬರ್ತಿದ್ರೆ ಸ್ಕೂಟರ್ ನಿಮ್ಮನ್ನ 200ರ ಆಚೆ ತಳ್ಳತ್ತೆ, ಫ್ರೀ ಅಂತಿದ್ದ ಬಿಲ್ ಸಾವಿರದೈನೂರರ ಆಸುಪಾಸು ಬಂದು ಕೂರತ್ತೆ. ಕಾರಿಗಂತೂ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದ್ರೆ 150 ಯೂನಿಟ್ ಬೇಕು, ಗೃಹಜ್ಯೋತಿ ಆಸೆ ಬಿಟ್ಬಿಡಿ, ಇಲ್ಲ ಅಂದ್ರೆ ಇವಿಗೆ ಅಂತಲೇ ಬೇರೆ ಮೀಟರ್ ತಗೊಳಕ್ಕೆ ಅವಕಾಶ ಇದೆ, ಮೆಸ್ಕಾಂ ಸೆಕ್ಷನ್ ಆಫೀಸಲ್ಲಿ ಕೇಳಿ. ಭಾವ ಇದನ್ನ ಮೊದಲನೇ ಬಿಲ್ ಬಂದ ಮೇಲೆ ಕಲ್ತಿದ್ದು.

ಹಂಗಂತ ಲಾಭ ಇಲ್ಲ ಅಂತಲ್ಲ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದ್ರೂ ಸ್ಕೂಟರ್ ಕಿಲೋಮೀಟರಿಗೆ ಇಪ್ಪತ್ತು ಪೈಸೆ ಚಿಲ್ಲರೆ, ಪೆಟ್ರೋಲ್ ಸ್ಕೂಟರ್ ಎರಡು ರೂಪಾಯಿ ಮೇಲೆ. ದಿನಾ 30 ಕಿಲೋಮೀಟರ್ ಇದ್ರೆ ತಿಂಗಳಿಗೆ ಸಾವಿರದ ಆರುನೂರು ಉಳಿಯತ್ತೆ, ಪೆಟ್ರೋಲ್ ಗಾಡಿಗಿಂತ ಮೂವತ್ತು ನಲವತ್ತು ಸಾವಿರ ಜಾಸ್ತಿ ಕೊಟ್ಟಿದ್ರೂ ಎರಡು ವರ್ಷದಲ್ಲಿ ವಾಪಸ್. ವಾರಕ್ಕೊಂದು ಸಲ ಸಂತೆಗೆ, ಆಗಾಗ ಸೊಸೈಟಿಗೆ, ಅಷ್ಟೇ ಓಡಾಟ ಅನ್ನೋರು ಸುಮ್ನೆ ಹಳೇ ಗಾಡಿನೇ ಇಟ್ಕೊಳಿ, ಯಾವ ಲೆಕ್ಕದಲ್ಲೂ ಗಿಟ್ಟಲ್ಲ. ಇನ್ನೊಂದು, 2025ರ ಸೆಪ್ಟೆಂಬರಲ್ಲಿ ಪೆಟ್ರೋಲ್ ಸ್ಕೂಟರ್‌ಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಇವಿದು ಮೊದಲಿನ ಹಾಗೇ 5, ಹಂಗಾಗಿ ಹಳೇ ವಿಡಿಯೋ ನೋಡಿ ರೇಟ್ ಹೋಲಿಸಬೇಡಿ. ಸೇಲ್ಸ್‌ನೋರು ಯಾರಾದ್ರೂ "ಇವಿ ಲೋನ್ ಬಡ್ಡಿಗೆ ಇನ್‌ಕಮ್ ಟ್ಯಾಕ್ಸಲ್ಲಿ ಒಂದೂವರೆ ಲಕ್ಷ ಕಳೀಬಹುದು" ಅಂದ್ರೆ ನಕ್ಕು ಸುಮ್ನಾಗಿ, ಅದು 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ ಇದ್ದಿದ್ದು.

ಆಮೇಲೆ ಆ ಕಮ್ಮಿ ರೇಟಿನ ಗಾಡಿಗಳು, ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ ಅಂತ ಮಾರ್ತಾರಲ್ಲ. 250 ವಾಟ್ ಒಳಗಿನ ಮೋಟಾರು, 25 ಕಿಲೋಮೀಟರ್ ಮೀರದ ಸ್ಪೀಡು ಇದ್ರೆ ಮಾತ್ರ ಆ ವಿನಾಯ್ತಿ. "ಒಂದು ವೈರ್ ಕಟ್ ಮಾಡಿದ್ರೆ 45 ಹೋಗತ್ತೆ" ಅಂದ್ರೆ ಅಲ್ಲಿಂದ ಎದ್ದು ಬನ್ನಿ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸೂ ಇಲ್ಲ ಕಾನೂನೂ ನಿಮ್ಮ ಕಡೆ ಇಲ್ಲ. ಹೆಂಗೂ ನಮ್ಮ ಏರಲ್ಲಿ ಅವು ಇಬ್ಬರನ್ನ ಹೊತ್ಕೊಂಡು ಹತ್ತಲ್ಲ.

ಏರಿನ ಮಾತು ಬಂತಲ್ಲ, ರೇಂಜಿಗೆ ಬರೋಣ. ಕಂಪನಿ ಹೇಳಿದ್ರಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ರೆ ಖುಷಿಪಡಿ. ಘಾಟಿ ಅಂದ್ರೆ ಎಲ್ರೂ ಹೆದರ್ತಾರೆ, ಲೆಕ್ಕ ಹಾಕಿದ್ರೆ ಅಷ್ಟೇನಿಲ್ಲ. ಘಾಟಿ ಬುಡದ ಸೋಮೇಶ್ವರದಿಂದ ಆಗುಂಬೆಗೆ ಐನೂರು ಮೀಟರಿಗಿಂತ ಜಾಸ್ತಿ ಏರು, ಹದಿನಾಲ್ಕು ತಿರುವು, ಗಾಡಿ ಇಬ್ಬರು ಸೇರಿ 250 ಕೆಜಿ ಅಂದ್ರೆ ಆ ಏರಿಗೇ ಅಂತ ಹೆಚ್ಚಿಗೆ ಖರ್ಚಾಗದು ಸುಮಾರು ಅರ್ಧ ಯೂನಿಟ್, ಮೂರು ಯೂನಿಟ್ ಬ್ಯಾಟರೀಲಿ ಆರನೇ ಒಂದು ಪಾಲು. ಕಾರಿಗೆ ಎರಡೂವರೆ ಮೂರು ಯೂನಿಟ್. ನಿಜವಾದ ತೊಂದರೆ ಇಳಿಯೋವಾಗ. ಮೇಲಿನ ಊರಿನೋರು ಬೆಳಗ್ಗೆ 100 ಪರ್ಸೆಂಟ್ ಮಾಡ್ಕೊಂಡು ಸೀದಾ ಘಾಟಿಗೆ ಇಳಿದ್ರೆ ಬ್ಯಾಟರೀಲಿ ಜಾಗ ಇಲ್ಲ, ರೀಜನ್ (ಇಳಿಜಾರಲ್ಲಿ ಮೋಟಾರೇ ಗಾಡಿ ತಡೆದು ಬ್ಯಾಟರಿಗೆ ಕರೆಂಟ್ ತುಂಬೋದು) ಸರಿಯಾಗಿ ಹಿಡಿಯಲ್ಲ, ಪೂರ್ತಿ ಬ್ರೇಕ್ ಮೇಲೆ ಬೀಳತ್ತೆ, ಮಳೇಲಿ ಪಾಚಿ ಹಿಡಿದ ತಿರುವಲ್ಲಿ ಇದು ಗೊತ್ತಾಗೋ ಟೈಮಲ್ಲ. ಘಾಟಿ ಇಳಿಯೋ ದಿನ ಚಾರ್ಜ್ 85 ಪರ್ಸೆಂಟಿಗೆ ನಿಲ್ಸಿ.

ಕಾರಲ್ಲಿ ದೂರ ಹೋಗೋರಿಗೆ ಒಂದೇ ಮಾತು, ಚಾರ್ಜರ್ ಮ್ಯಾಪಲ್ಲಿ ಇರತ್ತೆ, ನೆಟ್‌ವರ್ಕ್ ಇರಲ್ಲ. ಆ್ಯಪ್ ಓಪನ್ ಆಗದೇ, ಒಟಿಪಿ ಬರದೇ, ಚಾರ್ಜರ್ ಎದುರಿಗೇ ನಿಂತು ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಿದ್ದು ನಮ್ಮ ಭಾವನೇ. ಆರ್‌ಎಫ್‌ಐಡಿ ಕಾರ್ಡ್ (ಚಾರ್ಜರಿಗೆ ತೋರ್ಸಿದ್ರೆ ಸಾಕು, ಶುರುವಾಗತ್ತೆ) ಕೊಡೋ ಕಂಪನಿದಾದ್ರೆ ಕಾರ್ಡ್ ತಗೊಂಡಿಟ್ಕೊಳಿ, ಆ್ಯಪ್ ವ್ಯಾಲೆಟಲ್ಲಿ ಮನೆ ವೈಫೈ ಇದ್ದಾಗ್ಲೇ ದುಡ್ಡು ಹಾಕಿಡಿ. ಫಾಸ್ಟ್ ಚಾರ್ಜರ್ ಯೂನಿಟ್ಟಿಗೆ ಮನೆ ರೇಟಿನ ಮೂರು ನಾಲ್ಕು ಪಟ್ಟು, ದಿನಾ ಅದನ್ನೇ ನಂಬ್ಕೊಂಡ್ರೆ ಉಳಿತಾಯ ಅಲ್ಲೇ ಕರಗತ್ತೆ. ಕಾರಿನ ಫಾಸ್ಟ್ ಚಾರ್ಜರಿನ ಪ್ಲಗ್, ಸಿಸಿಎಸ್2 ಗನ್ ಅಂತಾರಲ್ಲ, ಅದು ಸ್ಕೂಟರಿಗೆ ಕೂರಲ್ಲ, ಅದನ್ನೂ ಕೇಳೋರಿದಾರೆ.

ಬೆಂಕಿ ಬಗ್ಗೆ. 2022ರ ಬೇಸಿಗೇಲಿ ಸಾಲಾಗಿ ಸ್ಕೂಟರ್‌ಗಳು ಹೊತ್ಕೊಂಡ ಸುದ್ದಿ ನೋಡಿದ ನಮ್ಮಮ್ಮ ಇವತ್ತಿಗೂ ಚಾರ್ಜಿಗಿಟ್ಟ ಗಾಡಿ ಹತ್ರ ಹೋಗಲ್ಲ. ಅದಾದ ಮೇಲೆ ಎಐಎಸ್ 156 ಅನ್ನೋ ಬ್ಯಾಟರಿ ಸುರಕ್ಷತಾ ನಿಯಮ ಬಿಗಿ ಮಾಡಿದ್ರು, ಎರಡನೇ ಹಂತ 2023ರ ಮಾರ್ಚ್ 31ರಿಂದ ಜಾರಿ. ಸೆಕೆಂಡ್ ಹ್ಯಾಂಡ್ ತಗೊಳೋರು ತಯಾರಾದ ತಿಂಗಳು ಅದಕ್ಕಿಂತ ಈಚೆದಾ ಅಂತ ನೋಡಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನೋ ತರದ ಬ್ಯಾಟರಿ ಬಿಸಿಗೆ ಜಾಸ್ತಿ ತಡ್ಕೊಳತ್ತೆ, ಆದ್ರೆ ಅಷ್ಟೇ ಕರೆಂಟಿಗೆ ತೂಕ ಜಾಸ್ತಿ. ನಮ್ಮ ಮನೆಗಳಲ್ಲಿ ಅಪಾಯ ಇರದು ಜಾಗದ್ದು, ಸೌದೆ ಕೊಟ್ಟಿಗೆ, ದರಗಿನ (ಒಣ ಎಲೆ) ರಾಶಿ, ಒಣ ಅಡಿಕೆ ಸಿಪ್ಪೆ, ಅಲ್ಲೇ ಪಕ್ಕ ಚಾರ್ಜಿಂಗ್ ಪಾಯಿಂಟ್! ಗೋಡೆ ಇರೋ ಕಡೆ, ಗಾಳಿ ಆಡೋ ಕಡೆ, ಮಲಗೋ ಕೋಣೆ ಬಾಗಿಲಿಂದ ದೂರ ಹಾಕಿಸಿ. ಬಿಚ್ಚೋ ಬ್ಯಾಟರಿ ಆದ್ರೆ ಮಂಚದ ಕೆಳಗೆ ಚಾರ್ಜಿಗೆ ಇಡಬೇಡಿ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಹಾಕದೇ ಅರ್ಧ ಗಂಟೆ ಆರಕ್ಕೆ ಬಿಡಿ. ಇಲಿ ವೈರ್ ಕಡಿಯತ್ತೆ, ತಿಂಗಳಿಗೊಂದ್ಸಲ ಬಗ್ಗಿ ನೋಡಿ.

ಮಳೆ? ಐಪಿ67 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಅಂತ ಲ್ಯಾಬಲ್ಲಿ ಮಾಡಿದ ಪರೀಕ್ಷೆ, ಅದೂ ಬ್ಯಾಟರಿದು, ಚಾರ್ಜರಿಂದಲ್ಲ. ತುಂಬಿದ ಹಳ್ಳಕ್ಕೆ ಇಳಿಸಕ್ಕೆ ಅದು ಲೈಸೆನ್ಸ್ ಅಲ್ಲ. ಪೋರ್ಟ್ ಒದ್ದೆ ಇದ್ರೆ ಒರೆಸಿ ಆರಿಸಿ ಆಮೇಲೆ ಪ್ಲಗ್ ಹಾಕಿ, ಪ್ರೆಷರ್ ಪಂಪಲ್ಲಿ ತೊಳೀಬೇಡಿ.

ಸರ್ವಿಸ್ ಎಷ್ಟು ದೂರ ಅಂತ ಕೇಳೋರು ಕಮ್ಮಿ. ಕಳೆದ ಮಳೆಗಾಲದಲ್ಲಿ ಒಂದು ಸಣ್ಣ ಬಿಡಿಭಾಗ ಸಿಗದೇ ನನ್ನ ಸ್ಕೂಟರ್ ಸರ್ವಿಸ್ ಸೆಂಟರಲ್ಲಿ ಹತ್ತೊಂಬತ್ತು ದಿನ ಕೂತಿತ್ತು, ಫೋನ್ ಮಾಡಿದ್ರೆ ದಿನಾ "ನಾಳೆ ಬರತ್ತೆ ಸರ್". ನಮ್ಮಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಮೇಲೆ, ಕೆಟ್ಟ ಗಾಡಿನ ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಹೋಗ್ಬೇಕು. ಹಂಗಾಗಿ ಬ್ರಾಂಡ್ ಆರಿಸೋವಾಗ ಶೋರೂಮ್ ಎಷ್ಟು ಚೆಂದ ಇದೆ ಅಂತ ನೋಡದೇ, ಸರ್ವಿಸ್ ಸೆಂಟರ್ ಹಿಂದುಗಡೆ ಹೋಗಿ ಎಷ್ಟು ಗಾಡಿ ಧೂಳು ಹಿಡಿದು ನಿಂತಿವೆ ನೋಡಿ, ಕಾಯ್ತಾ ಕೂತಿರೋರ ಹತ್ರ ಮಾತಾಡಿ. ಬ್ಯಾಟರಿ ವಾರಂಟಿ ವರ್ಷ ಎಷ್ಟು, ಕಿಲೋಮೀಟರ್ ಎಷ್ಟು, ಎಷ್ಟು ಪರ್ಸೆಂಟಿಗೆ ಇಳಿದ್ರೆ ಬದಲಾಯಿಸ್ತಾರೆ, ಮೂರನ್ನೂ ಬರಹದಲ್ಲಿ ತಗೊಳಿ. ಹೊಸ ಬ್ಯಾಟರಿ ಅಂದ್ರೆ ಐವತ್ತು ಸಾವಿರ ದಾಟೋ ಮಾತು, ಎಕ್ಸ್‌ಟೆಂಡೆಡ್ ವಾರಂಟಿಗೆ ದುಡ್ಡು ಕೊಡದು ಈ ಒಂದು ವಿಷಯದಲ್ಲಿ ದಂಡ ಅಲ್ಲ ಅಂತ ನನ್ನ ಅಭಿಪ್ರಾಯ.

ಟೆಸ್ಟ್ ರೈಡ್ ಅಂತ ಶಿವಮೊಗ್ಗದ ಬಿ.ಹೆಚ್. ರೋಡಲ್ಲಿ ಒಂದು ರೌಂಡ್ ಹಾಕಿ ಅಡ್ವಾನ್ಸ್ ಕೊಟ್ಟು ಬರಬೇಡಿ. ಪರಿಚಯದೋರ ಹತ್ರ ಅದೇ ಮಾಡೆಲ್ ಇದ್ರೆ ಮನೆಗೆ ಕರೆಸ್ಕೊಳಿ, ಹಿಂದೆ ಒಬ್ಬರನ್ನ ಕೂರಿಸಿ, ಮುಂದೆ ಕಾಲಿನ ಹತ್ರ ಹಿಂಡಿ ಚೀಲ ಇಟ್ಟು, ನಿಮ್ಮನೆ ದಣಪೆ (ಗೇಟು) ಹತ್ರದ ಏರಲ್ಲಿ ಮಧ್ಯ ನಿಲ್ಸಿ ಮತ್ತೆ ಎತ್ತಿ ನೋಡಿ. ಅಲ್ಲಿ ಹಿಂದಕ್ಕೆ ಜಾರಿದ್ರೆ ಬೇರೆ ಮಾಡೆಲ್ ನೋಡಿ.