ಮನೆಯಲ್ಲೇ ರೆಕಾರ್ಡಿಂಗ್: ಗದ್ದಲ ನುಗ್ಗದಂತೆ, ದನಿ ಒಡೆಯದಂತೆ

ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆ ಹಾಡುವವರಿಗೆ ಎಂದೂ ಬರವಿಲ್ಲ. ಈಗ ಒಂದು ಮೈಕ್, ಒಂದು ರೆಕಾರ್ಡರ್ ಇದ್ದರೆ ಮನೆಯಲ್ಲೇ ಖಯಾಲನ್ನೋ ವಚನವನ್ನೋ ರೆಕಾರ್ಡ್ ಮಾಡಬಹುದು. ಆದರೆ ಕೇಳಲು ಕೂತಾಗ ಹಿಂದೆ ಫ್ಯಾನಿನ ಸದ್ದು, ತಾರ ಷಡ್ಜಕ್ಕೆ ಹೋದಾಗ ಕರಕರ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆದರಾಯಿತು ಅಂತ ಬಿಡಬೇಡಿ. ಫ್ಯಾನಿನ ಸದ್ದು ಇಳಿಸಲು ಹೋದರೆ ತಂಬೂರಿಯ ಜವಾರಿಯೂ, ಅಂದರೆ ತಂತಿಯ ಝೇಂಕಾರವೂ, ಮಂಕಾಗುತ್ತದೆ. ಒಡೆದ ದನಿಯಂತೂ ಪೂರ್ತಿ ಸರಿಯಾಗುವುದಿಲ್ಲ.

ಮೊದಲು ಕೋಣೆಯನ್ನು ಕೇಳಿ. ಮೈಕ್ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ಸುಮ್ನೆ ಕೂತುಬಿಡಿ. ದಿನವೂ ಕಿವಿಗೆ ಬೀಳದ ಫ್ರಿಜ್ಜು, ಪಕ್ಕದ ಮನೆಯ ಪಂಪು ಎಲ್ಲ ಆಗ ಕೇಳುತ್ತವೆ. ನಿಮ್ಮ ಮನೆಯದನ್ನು ಬಂದ್ ಮಾಡಿ, ಉಳಿದದ್ದಕ್ಕೆ ಹೊತ್ತು ನೋಡಿಕೊಳ್ಳಿ. ತಗಡಿನ ಮನೆಯಾದರೆ ಮಳೆ ನಿಲ್ಲುವವರೆಗೆ ಕಾಯಲೇಬೇಕು. ಬರಿಗೋಡೆಯಿಂದ ದನಿ ಗುಂಯ್ ಅಂತ ವಾಪಸ್ ಬರುತ್ತಿದ್ದರೆ ಹಾಡುವವರ ಬೆನ್ನ ಹಿಂದೆ ಮತ್ತು ಪಕ್ಕದಲ್ಲಿ ಎರಡು ದಪ್ಪ ಕೌದಿ ಇಳಿಬಿಡಿ. ದುಬಾರಿ ಫೋಮ್ ಬೇಕಿಲ್ಲ. ಆದರೆ ಕೌದಿ ಒಳಗಿನ ಗುಂಯ್ ತಗ್ಗಿಸುತ್ತದೆ ಅಷ್ಟೇ, ರಸ್ತೆಯ ಹಾರ್ನ್ ತಡೆಯುವುದಿಲ್ಲ.

ಇನ್ನು ಮೈಕಿನ ದೂರ. ಬಾಯಿಂದ ಸುಮಾರು ಒಂದು ಗೇಣು ಸಾಕು. ದೂರ ಎರಡು ಪಟ್ಟಾದರೆ ಮೈಕಿಗೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಗದ್ದಲ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಅದಕ್ಕೇ ದನಿ ಸಣ್ಣಗೆ ಬರುತ್ತಿದೆ ಅನ್ನಿಸಿದರೆ ಗೇನ್ (ಮೈಕಿನಿಂದ ಬಂದ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಾಣಿಕೆ) ಏರಿಸುವ ಮೊದಲು ಹತ್ತಿರ ಬನ್ನಿ. ತೀರಾ ಮೂಗಿಗೆ ತಾಗುವಷ್ಟು ಬೇಡ. ಆಗ ಮಂದ್ರ ಸ್ವರಗಳು ಉಬ್ಬುತ್ತವೆ, ‘ಪ’, ‘ಬ’, ‘ಭ’ ಅಂದಾಗಲೆಲ್ಲ ಧಪ್ ಅನ್ನುತ್ತದೆ. ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಓರೆಯಾಗಿಟ್ಟರೆ ಉಸಿರಿನ ಹೊಡೆತ ತಪ್ಪುತ್ತದೆ. ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಹಿಂದಿನ ಸದ್ದು ಕಡಿಮೆ ಕೇಳುತ್ತದೆ. ಹಾಗಾಗಿ ಅದರ ಬೆನ್ನು ಕಿಟಕಿ ಕಡೆಗಿರಲಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಗೇನ್‌ಗೆ. ಹೆಚ್ಚಿನವರು ‘ಹಲೋ, ಹಲೋ’ ಅಂದು ಅಥವಾ ಆಲಾಪದ ಮೊದಲ ಸಾಲು ಹಾಡಿ ಗೇನ್ ಇಡುತ್ತಾರೆ. ಅಲ್ಲೇ ಕೆಡುವುದು. ಆಲಾಪ ಮೆಲ್ಲಗಿರುತ್ತದೆ, ತಾನ್ (ವೇಗವಾದ ಸ್ವರಸರಣಿ) ಬಂದಾಗ ದನಿ ಎಷ್ಟೋ ಪಟ್ಟು ಏರುತ್ತದೆ ಅಲ್ವಾ? ಡಿಜಿಟಲ್ ರೆಕಾರ್ಡಿಂಗಿಗೆ 0 ಡೆಸಿಬೆಲ್ ಕೊನೆಯ ಮಿತಿ. ಅದನ್ನು ದಾಟಿದ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಆ ಕರಕರ ಅದೇ. ಆದ್ದರಿಂದ ನೀವು ಹಾಡಲಿರುವ ಅತಿ ಜೋರಿನ ತಾನನ್ನೇ ಪೂರ್ತಿ ದನಿಯಲ್ಲಿ ಹಾಡಿ. ಆಗ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12ರಿಂದ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಳಿಸಿ. ಹುರುಪಿನಲ್ಲಿ ದನಿ ಇನ್ನೂ ಏರಿದರೂ ಜಾಗ ಇರುತ್ತದೆ. ಆಲಾಪ ಸಣ್ಣಗೆ ಕಾಣುತ್ತದೆ ಅಂತ ಹೆದರಬೇಡಿ. ಸಣ್ಣ ದನಿಯನ್ನೂ ವಿವರವಾಗಿ ಹಿಡಿಯುವ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಆಮೇಲೆ ಧಾರಾಳವಾಗಿ ಏರಿಸಬಹುದು. ತಾನಾಗಿಯೇ ಗೇನ್ ಹೊಂದಿಸುವ ಆಟೊ ಸೌಲಭ್ಯ ಇದ್ದರೆ ಆಫ್ ಮಾಡಿ. ಹಾಡುವವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಅದು ಕೋಣೆಯ ಗದ್ದಲವನ್ನೇ ಮೇಲೆತ್ತುತ್ತದೆ.

ಒಂದೇ ಸಮನೆ ‘ಹುಂ’ ಅನ್ನುತ್ತಿದ್ದರೆ ಅದು ಬಹುಮಟ್ಟಿಗೆ 50 ಹರ್ಟ್ಸ್ ಕರೆಂಟಿನ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಮೈಕಿನ ವೈರನ್ನು ಕರೆಂಟ್ ವೈರಿನ ಜೊತೆಜೊತೆಗೆ ಎಳೆಯಬೇಡಿ. ಮೊಬೈಲ್ ಏರೋಪ್ಲೇನ್ ಮೋಡಿನಲ್ಲಿರಲಿ.

ಗದಗಿನ ಬಯಲುಗಾಳಿಯಲ್ಲಿ ರೆಕಾರ್ಡ್ ಮಾಡುವುದಾದರೆ ತೆಳು ಸ್ಪಂಜಿನ ಟೊಪ್ಪಿಗೆ ಸಾಲದು, ಕೂದಲಿನಂಥ ಎಳೆಗಳ ಗಾಳಿತಡೆ ಬೇಕು. ಬೈಠಕಿನಲ್ಲಿ ಧ್ವನಿವರ್ಧಕದ ಮಿಕ್ಸರ್‌ನಿಂದ ನೇರ ವೈರ್ ಎಳೆಯುತ್ತಿದ್ದೀರಾ? ಅದನ್ನು ರೆಕಾರ್ಡರ್‌ನ ಜೋರಾದ ಸಿಗ್ನಲ್‌ಗೆಂದೇ ಇರುವ ಲೈನ್ ಇನ್‌ಪುಟ್‌ಗೇ ಹಾಕಿ. ಮೈಕ್ ಇನ್‌ಪುಟ್‌ಗೆ ಹಾಕಿದರೆ ಸಿಗ್ನಲ್ ಒಳಗೇ ಒಡೆದುಬಿಡುತ್ತದೆ. ಆಮೇಲೆ ರೆಕಾರ್ಡಿಂಗ್ ಲೆವೆಲ್ ಎಷ್ಟು ಇಳಿಸಿ ಮೀಟರ್ ಹಸಿರಾಗಿ ಕಂಡರೂ ಕರಕರ ಹೋಗುವುದಿಲ್ಲ.