ಮಾರಿಷಸ್‌ನ ಮೋಡ ನೋಡಿ ಕಾಲ್ ಶೀಟ್ ಬರೆದ ನನ್ನ ಅನುಭವ

ಮುಂಬೈಯ ಗೋರೆಗಾಂವ್‌ನಲ್ಲಿದ್ದುಕೊಂಡು ಜಾಹೀರಾತು ಮತ್ತು ಹಾಡುಗಳ ಹೊರದೇಶದ ಚಿತ್ರೀಕರಣದ ಖರ್ಚು-ವ್ಯವಸ್ಥೆ ನೋಡಿಕೊಳ್ಳುವ ಲೈನ್ ಪ್ರೊಡ್ಯೂಸರ್ ಆಗಿರುವ ನಾನು, ಮಾರಿಷಸ್‌ನಲ್ಲಿ ಬಿಸಿಲು ಎಲ್ಲಿ ಬೀಳುತ್ತದೆಂದು ಹಿಂದಿನ ರಾತ್ರಿಯೇ ಹೇಳಬಹುದು ಎಂದಾಗ ಯಾರೂ ನಂಬಿರಲಿಲ್ಲ. "ದ್ವೀಪದ ಮಳೆಗೆ ಹೇಳುವವರು ಕೇಳುವವರು ಇಲ್ಲ ರೀ" ಎಂದು ಹಿರಿಯ ಛಾಯಾಗ್ರಾಹಕರೊಬ್ಬರು ಮಾತು ಮುಗಿಸಿದ್ದರು. ಈಚಿನ ಶೆಡ್ಯೂಲ್‌ಗಳಲ್ಲಿ ಬಿಸಿಲಿಲ್ಲವೆಂದು ಪ್ಯಾಕಪ್ ಹೇಳಿದ ದಿನ ಇಲ್ಲವೆನ್ನುವಷ್ಟು ಕಡಿಮೆಯಾಗಿರುವುದರಿಂದ ಈಗ ಬರೆಯುತ್ತಿದ್ದೇನೆ.

ನಲವತ್ತರ ಆಸುಪಾಸಿನ ಯೂನಿಟ್ ಒಂದು ದಿನ ಹೋಟೆಲಿನಲ್ಲಿ ಕುಳಿತರೆ ಕೋಣೆ, ಊಟ, ಕ್ಯಾಮೆರಾ ಬಾಡಿಗೆ ಎಲ್ಲ ಸೇರಿ ಅಂದಾಜು ಹತ್ತು-ಹನ್ನೆರಡು ಲಕ್ಷ ರೂಪಾಯಿ ಕೈಬಿಡುತ್ತದೆ. ಹವಾಮಾನ ವಿಮೆ ಮಾಡಿಸಿ ನೋಡಿದೆವು; ಅದು ಅಳತೆಗೆ ಸಿಕ್ಕ ಮಳೆಗೆ ಮಾತ್ರ ಹಣ ಕೊಡುತ್ತಿತ್ತೇ ಹೊರತು, ಹತ್ತು ನಿಮಿಷಕ್ಕೊಮ್ಮೆ ಸೂರ್ಯನನ್ನು ಮುಚ್ಚಿ ಕಂಟಿನ್ಯುಯಿಟಿ (ಒಂದು ಶಾಟಿನಿಂದ ಇನ್ನೊಂದಕ್ಕೆ ಬೆಳಕಿನ ಹೊಂದಿಕೆ) ಕೆಡಿಸುವ ಮೋಡಕ್ಕೆ ಅಲ್ಲ. ಫೋನಿನ ಮುನ್ಸೂಚನೆಯಲ್ಲಿ ದಿನವೂ ಅದೇ ಮಳೆಯ ಚಿತ್ರ. 25 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುವ ಹವಾಮಾನದ ಕಂಪ್ಯೂಟರ್ ಮಾದರಿಗೆ, ಸುಮಾರು 65 ಕಿ.ಮೀ. ಉದ್ದ, 45 ಕಿ.ಮೀ. ಅಗಲದ ದ್ವೀಪ ಕೆಲವೇ ಚೌಕಗಳಲ್ಲಿ ಮುಗಿದುಹೋಗುತ್ತದೆ. ಅದರ ಬೆಟ್ಟಗಳು ಲೆಕ್ಕಕ್ಕೆ ಸರಿಯಾಗಿ ಬರುವುದೇ ಇಲ್ಲ.

ಬೆಟ್ಟಗಳಲ್ಲಿಯೇ ಉತ್ತರವಿತ್ತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಆಗ್ನೇಯದ ವಾಣಿಜ್ಯ ಮಾರುತ, ಅಂದರೆ ಒಂದೇ ದಿಕ್ಕಿನಿಂದ ಎಡೆಬಿಡದೆ ಬರುವ ಗಾಳಿ, ಬೀಸುತ್ತದೆ. ಅದು 500 ಮೀಟರಿಗೂ ಎತ್ತರದ ಕ್ಯೂರ್‌ಪೈಪ್ ಪ್ರಸ್ಥಭೂಮಿಯನ್ನು ಏರುವಾಗ ಮೋಡ ಕಟ್ಟಿ ಸುರಿಯುತ್ತದೆ, ಇಳಿಯುವಾಗ ಒಣಗುತ್ತದೆ. ಪ್ರಸ್ಥಭೂಮಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಯಾದರೆ ಪಶ್ಚಿಮ ತೀರದಲ್ಲಿ 900ರ ಒಳಗೆ. ಜುಲೈಯಲ್ಲಿ ಖಂಡಾಲ ಘಾಟಿನಲ್ಲಿ ನೆನೆದು ಪುಣೆಯಲ್ಲಿ ಒಣಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ನಾನು ದಿನವನ್ನು ಬಿಟ್ಟು ಬದಿಯನ್ನು ಆರಿಸತೊಡಗಿದೆ. ಹಿಂದಿನ ರಾತ್ರಿ ನೆಲಮಟ್ಟದ ಗಾಳಿಯ ಬದಲು ಸುಮಾರು 1500 ಮೀಟರ್ ಎತ್ತರದ ಗಾಳಿಯನ್ನು ನೋಡಿ, ಪೂರ್ವದ ಬೆಲ್ ಮಾರ್ ಅಥವಾ ಪಶ್ಚಿಮದ ಫ್ಲಿಕ್ ಆ ಫ್ಲಾಕ್ ಎಂದು ಕಾಲ್ ಶೀಟ್ (ಮರುದಿನ ಯಾರು ಎಲ್ಲಿಗೆ, ಎಷ್ಟು ಹೊತ್ತಿಗೆ ಬರಬೇಕೆಂಬ ಪಟ್ಟಿ) ಬರೆಯುತ್ತೇನೆ. ಬೆಳಿಗ್ಗೆ ನಮ್ಮ ಎಂಟೂವರೆಗೆ, ಅಂದರೆ ಅಲ್ಲಿಯ ಏಳು ಗಂಟೆಗೆ, ಗೋರೆಗಾಂವ್ ಕಚೇರಿಯಿಂದ ಭಾರತದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ತೆಗೆದ ಮೋಡದ ಚಿತ್ರ ಬರುತ್ತದೆ. ಶಾಖವನ್ನು ಅಳೆದು ತೆಗೆಯುವ ರಾತ್ರಿಯ ಅವಕೆಂಪು ಚಿತ್ರವನ್ನು ಇಲ್ಲಿ ನೆಚ್ಚಬಾರದು. ಈ ಗಿಡ್ಡ ಮೋಡಗಳ ತಲೆ ಹೆಚ್ಚುಕಡಿಮೆ ಸಮುದ್ರದಷ್ಟೇ ಬೆಚ್ಚಗಿರುವುದರಿಂದ ಅದರಲ್ಲಿ ಅವು ಸ್ಪಷ್ಟವಾಗಿ ಕಾಣುವುದಿಲ್ಲ. ಗಾಳಿಯ ವೇಗ ಎಷ್ಟಾದಾಗ ಬದಿ ಬದಲಿಸುತ್ತೇನೆ ಎಂಬ ಅಂಕಿ ನನ್ನ ಹೊಟ್ಟೆಪಾಡಿನದು, ಅದನ್ನು ಬರೆಯಲಾರೆ.

ದ್ವೀಪದ ನೈರುತ್ಯ ಮೂಲೆಯ ಲೆ ಮಾರ್ನ್ ಬೇರೆಯದೇ ಪಾಠ ಕಲಿಸಿತು. ಬಿಸಿಲೇನೋ ಧಾರಾಳವಾಗಿತ್ತು, ಆದರೆ ದ್ವೀಪದ ಮೂಲೆಯನ್ನು ಬಳಸಿ ಬರುವ ಗಾಳಿ ಅಲ್ಲಿ ವೇಗ ಪಡೆಯುವುದರಿಂದ ರಿಫ್ಲೆಕ್ಟರ್‌ಗಳು ನಿಲ್ಲಲಿಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಅಲ್ಲಿಯ ಬೇಸಿಗೆಯಲ್ಲಂತೂ ಪಶ್ಚಿಮವೆಂದರೆ ಬಿಸಿಲು ಎಂಬ ನಿಯಮವೇ ಸಡಿಲವಾಗುತ್ತದೆ: ವಾಣಿಜ್ಯ ಮಾರುತ ಸೋತ ದಿನ ಎರಡೂ ಕಡೆಯ ಕಡಲಗಾಳಿಗಳು ಒಳನಾಡಿನಲ್ಲಿ ಸೇರಿ, ಮಧ್ಯಾಹ್ನ ಮಳೆ ಸುರಿಸುತ್ತವೆ. ಅಂಥ ದಿನ ಹತ್ತೂವರೆಯೊಳಗೆ ಮುಖ್ಯ ಶಾಟ್‌ಗಳನ್ನು ಮುಗಿಸಬೇಕು.

ಇದೇ ಲೆಕ್ಕವನ್ನು ಮಾಲ್ಡೀವ್ಸ್‌ಗೆ ಹಚ್ಚಿ ನೋಡಿದೆ, ಹೊಂದಲಿಲ್ಲ. ನೀರಿಗಿಂತ ಎರಡು ಮೀಟರ್ ಮೇಲಿರುವ ದ್ವೀಪ ಗಾಳಿಯನ್ನು ತಡೆಯುವುದಾದರೂ ಹೇಗೆ? ಅಲ್ಲಿಯದು ಬರಿಯ ಸಮುದ್ರದ ಮಳೆ, ರಾತ್ರಿಯ ಕೊನೆ ಜಾವದಲ್ಲಿ ಅದರ ಜೋರು ಹೆಚ್ಚು. ಆಗ ಎತ್ತರದ ತಣ್ಣನೆಯ ಮೋಡಗಳನ್ನು ತೋರಿಸುವ ಅವಕೆಂಪು ಚಿತ್ರವೇ ಕೆಲಸಕ್ಕೆ ಬಂತು. 3070 ಮೀಟರ್ ಎತ್ತರದ ಶಿಖರವಿರುವ, ಮಾರಿಷಸ್‌ನ ನೆರೆಯ ದ್ವೀಪ ರಿಯೂನಿಯನ್‌ನಲ್ಲಿ ಬೆಳಗಿನ ಕಣಿವೆಗಳು ತಿಳಿಯಾಗಿರುತ್ತವೆ, ಹತ್ತರ ಹೊತ್ತಿಗೆ ಮೋಡ ಮೇಲೇರಿ ತುಂಬಿಕೊಳ್ಳುತ್ತದೆ. ಆದರೆ ಸುಮಾರು 2000 ಮೀಟರಿನ ಮೇಲೆ ಗಾಳಿಯ ಬೆಚ್ಚನೆಯ ಪದರ ಅದನ್ನು ತಡೆಯುವುದರಿಂದ ಎಷ್ಟೋ ದಿನ ಅದಕ್ಕೂ ಮೇಲೆ ಬಿಸಿಲೇ ಇರುತ್ತದೆ.

ಮಳೆಗೆಂದು ಬಜೆಟ್‌ನಲ್ಲಿ ಇಡುತ್ತಿದ್ದ ಹೆಚ್ಚುವರಿ ದಿನಗಳನ್ನು ಈಗ ತೆಗೆದುಹಾಕಿ, ಅದರ ಕಾಲುಭಾಗದಷ್ಟು ಹಣದಲ್ಲಿ ಎರಡೂ ತೀರಗಳಲ್ಲಿ ಲೊಕೇಶನ್ ಹಿಡಿದಿಡುತ್ತೇನೆ. ಜನವರಿಯಿಂದ ಮಾರ್ಚ್‌ವರೆಗಿನ ಚಂಡಮಾರುತದ ತಿಂಗಳುಗಳಲ್ಲಿ ಮಾತ್ರ, ಎಷ್ಟೇ ಕೊಡುತ್ತೇನೆಂದರೂ ಅಲ್ಲಿಯ ಕೆಲಸ ಒಪ್ಪುವುದಿಲ್ಲ.